ಎದುರಾಳಿಯಾದ ಮಣೆ

ಚದುರಂಗವು ಇಬ್ಬರು ಕೂಡಿ ಆಡುವ ಆಟ. ಒಂದು ಕೈಯಿಂದ ಚಪ್ಪಾಳೆಯಾಗದು ಎಂಬ ಮಾತು ಈ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಓಟಗಾರನು ಬಯಲಿನಲ್ಲಿ ಒಬ್ಬನೇ ಓಡಿ ಕಾಲನ್ನು ಪಳಗಿಸಿಕೊಳ್ಳಬಹುದು. ಸಂಗೀತವನ್ನು ಕಲಿಯುವವನು ನಸುಕಿನಲ್ಲಿ ಒಬ್ಬನೇ ಕುಳಿತು ಶ್ರುತಿಗೆ ಕಂಠವನ್ನು ಕೂಡಿಸಬಹುದು. ಚದುರಂಗದ ಅಭ್ಯಾಸಿಗೆ ಈ ಅನುಕೂಲವಿಲ್ಲ. ಬಿಳಿಯ ಕಾಯಿಗಳನ್ನೂ ಕರಿಯ ಕಾಯಿಗಳನ್ನೂ ತಾನೇ ನಡೆಸಿದರೆ, ತಾನು ಹೂಡಿದ ಬಲೆ ಎಲ್ಲಿದೆಯೆಂಬುದು ತನಗೆ ಮೊದಲೇ ತಿಳಿದಿರುತ್ತದೆ. ತನ್ನನ್ನು ತಾನೇ ಬೆರಗುಗೊಳಿಸುವುದು ಯಾರಿಂದಲೂ ಆಗದ ಕೆಲಸ.

ಹೀಗಾಗಿ ಈ ಆಟದಲ್ಲಿ ಆಸಕ್ತಿಯಿದ್ದೂ ಜೊತೆಗಾರರಿಲ್ಲದೆ ಮುಂದುವರಿಯಲಾಗದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಊರಿನಲ್ಲಿ ತನಗೆ ಸರಿಜೋಡಿ ಸಿಗದ ಬಾಲಕಿ, ಕೆಲಸ ಮುಗಿಸಿ ಹೊತ್ತು ಮೀರಿ ಮನೆಗೆ ಬರುವ ನೌಕರ, ಹೊರಗೆ ಓಡಾಡಲಾರದ ವೃದ್ಧ, ಇಂತಹವರ ಮುಂದೆ ಮಣೆಯು ಹಾಸಿಯೇ ಇರುತ್ತದೆ. ಎದುರಿನ ಪೀಠ ಮಾತ್ರ ಬರಿದಾಗಿರುತ್ತದೆ. ಆ ಬರಿದಾದ ಪೀಠವನ್ನು ತುಂಬಲು ಮಾನವನು ಕಂಡುಕೊಂಡ ಸಾಧನವೇ ವಿದ್ಯುನ್ಮಾನ ಚದುರಂಗದ ಮಣೆ. ಇದು ಆಡುವವನ ನಡೆಯನ್ನು ತಾನಾಗಿ ಅರಿಯುತ್ತದೆ, ಅದಕ್ಕೆ ತಕ್ಕ ಉತ್ತರವನ್ನು ಲೆಕ್ಕ ಹಾಕುತ್ತದೆ, ಆ ಉತ್ತರವನ್ನು ದೀಪದಿಂದಲೋ ಅಕ್ಷರದಿಂದಲೋ ಧ್ವನಿಯಿಂದಲೋ ತಿಳಿಸುತ್ತದೆ.

ತಾನೇ ಚದುರಂಗವಾಡುವ ಯಂತ್ರದ ಕನಸು ಬಹಳ ಹಳೆಯದು. 1770ರಲ್ಲಿ ವಿಯೆನ್ನಾ ನಗರದ ರಾಜಸಭೆಯಲ್ಲಿ ವುಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ ಎಂಬಾತನು ಒಂದು ವಿಚಿತ್ರ ಯಂತ್ರವನ್ನು ಪ್ರದರ್ಶಿಸಿದನು. ದೊಡ್ಡ ಪೆಟ್ಟಿಗೆಯೊಂದರ ಹಿಂದೆ ತುರ್ಕಿಯವನ ಉಡುಗೆ ತೊಟ್ಟ ಗೊಂಬೆ ಕುಳಿತಿತ್ತು. ಅದು ಕೈ ಚಾಚಿ ಕಾಯಿಗಳನ್ನು ನಡೆಸುತ್ತಿತ್ತು. ನುರಿತ ಆಟಗಾರರನ್ನೂ ಸೋಲಿಸುತ್ತಿತ್ತು. ಐರೋಪ್ಯ ದೇಶಗಳೆಲ್ಲ ಅದನ್ನು ಕಂಡು ಬೆರಗಾದವು. ಆದರೆ ಪೆಟ್ಟಿಗೆಯೊಳಗೆ ಚದುರಂಗದಲ್ಲಿ ಪಳಗಿದ ಮನುಷ್ಯನೊಬ್ಬನು ಅಡಗಿರುತ್ತಿದ್ದನು. ಮೇಲಿನ ಕಾಯಿಗಳ ಬುಡದಲ್ಲಿ ಅಯಸ್ಕಾಂತಗಳಿದ್ದವು. ಯಾವ ಚೌಕದಿಂದ ಕಾಯಿ ಎದ್ದಿತು, ಯಾವ ಚೌಕಕ್ಕೆ ಬಂದಿತು ಎಂಬುದನ್ನು ಮಣೆಯ ಅಡಿಯಲ್ಲಿ ಆ ಅಯಸ್ಕಾಂತಗಳ ಸೆಳೆತಕ್ಕೆ ಅಲುಗುವ ಲೋಹದ ತುಣುಕುಗಳನ್ನು ನೋಡಿ ಒಳಗಿನವನು ಅರಿಯುತ್ತಿದ್ದನು. ಆ ಗೊಂಬೆಯು 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಂಕಿಯ ಅನಾಹುತದಲ್ಲಿ ಸುಟ್ಟುಹೋಯಿತು. ಅದರ ಬುದ್ಧಿ ಕಪಟದ್ದಾದರೂ ಅಯಸ್ಕಾಂತದಿಂದ ಕಾಯಿಯ ಚಲನೆಯನ್ನು ಅರಿಯುವ ಅದರ ಉಪಾಯವು ಕಪಟವಾಗಿರಲಿಲ್ಲ. ಇಂದಿನ ಅನೇಕ ಮಣೆಗಳು ಅದೇ ಉಪಾಯವನ್ನು ಬೇರೊಂದು ರೂಪದಲ್ಲಿ ಬಳಸುತ್ತವೆ.

ನಿಜವಾಗಿಯೂ ತಾನೇ ಆಡಿದ ಮೊದಲ ಯಂತ್ರವನ್ನು ಸ್ಪೇನ್ ದೇಶದ ಎಂಜಿನಿಯರ್ ಲಿಯೊನಾರ್ಡೊ ಟೊರೆಸ್ ಕೆವೆಡೊ 1912ರಲ್ಲಿ ನಿರ್ಮಿಸಿದನು. ಅದು ಪೂರ್ತಿ ಆಟವನ್ನು ಆಡುತ್ತಿರಲಿಲ್ಲ. ಯಂತ್ರದ ಕಡೆಗೆ ಬಿಳಿಯ ರಾಜ ಮತ್ತು ಒಂದು ಆನೆ, ಮನುಷ್ಯನ ಕಡೆಗೆ ಕರಿಯ ರಾಜ ಮಾತ್ರ. ಇಷ್ಟೇ ಅದರ ಲೋಕ. ಈ ಕಿರಿದಾದ ಲೋಕದಲ್ಲಿ ಅದು ಎದುರಾಳಿಯ ರಾಜನನ್ನು ಮೂಲೆಗೊತ್ತಿ ಶಹಮಾತು ಮಾಡುತ್ತಿತ್ತು. ಎದುರಾಳಿಯು ನಿಯಮ ತಪ್ಪಿ ನಡೆದರೆ ದೀಪ ಹೊತ್ತಿಸಿ ಎಚ್ಚರಿಸುತ್ತಿತ್ತು. ಅತಿ ಕಡಮೆ ನಡೆಗಳಲ್ಲಿ ಗೆಲ್ಲುವ ದಾರಿಯನ್ನು ಅದು ಯಾವಾಗಲೂ ಹಿಡಿಯುತ್ತಿರಲಿಲ್ಲವೆಂಬುದು ನಿಜ. ಆದರೆ ಒಳಗೆ ಯಾರೂ ಅಡಗಿರಲಿಲ್ಲ ಎಂಬುದೇ ಅದರ ಹಿರಿಮೆ.

ಪೂರ್ತಿ ಆಟವನ್ನಾಡುವ ಯಂತ್ರಕ್ಕೆ ಗಣಕಯಂತ್ರದ ಆಗಮನವನ್ನು ಕಾಯಬೇಕಾಯಿತು. ಅಮೆರಿಕದ ಗಣಿತಜ್ಞ ಕ್ಲಾಡ್ ಷ್ಯಾನನ್ 1950ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಗಣಕಯಂತ್ರವು ಚದುರಂಗವಾಡಲು ಯಾವ ಕ್ರಮವನ್ನು ಅನುಸರಿಸಬಹುದೆಂದು ವಿವರಿಸಿದನು. ಆ ಕಾಲದ ಗಣಕಯಂತ್ರಗಳು ಒಂದೊಂದು ಕೊಠಡಿಯನ್ನೇ ಆಕ್ರಮಿಸುವಷ್ಟು ದೊಡ್ಡವು. ಮನೆಗೆ ತರುವ ಮಾತೇ ಇರಲಿಲ್ಲ. 1970ರ ದಶಕದಲ್ಲಿ ಗಣಕದ ಲೆಕ್ಕದ ಭಾಗವೆಲ್ಲ ಉಗುರಿನಗಲದ ಒಂದು ಸಿಲಿಕಾನ್ ತುಣುಕಿನಲ್ಲಿ ಅಡಗುವಂತಾಯಿತು. ಇದರ ಫಲವಾಗಿ 1977ರಲ್ಲಿ ಅಮೆರಿಕದ ಫಿಡೆಲಿಟಿ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ‘ಚೆಸ್ ಚಾಲೆಂಜರ್’ ಎಂಬ ಗೃಹೋಪಯೋಗಿ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಒಂದೇ ಒಂದು ಮಟ್ಟದ ಆಟ ಗೊತ್ತಿತ್ತು. ಆಡುವವನು ಕಾಯಿಯನ್ನು ಕೈಯಿಂದ ನಡೆಸಿ, ಆ ನಡೆಯನ್ನು ಗುಂಡಿಗಳನ್ನೊತ್ತಿ ಬೇರೆಯಾಗಿ ತಿಳಿಸಬೇಕಾಗಿತ್ತು. 1979ರಲ್ಲಿ ಅದೇ ಸಂಸ್ಥೆಯು ತನ್ನ ನಡೆಯನ್ನು ಧ್ವನಿಯಲ್ಲಿ ಹೇಳುವ ಯಂತ್ರವನ್ನು ಹೊರತಂದಿತು. ಅದಕ್ಕೆ ದನಿ ಕೊಟ್ಟ ವಿದ್ಯುನ್ಮಾನ ತುಣುಕು ಮೊದಲು ಅಂಧರಿಗಾಗಿ ತಯಾರಾದ, ಮಾತನಾಡುವ ಲೆಕ್ಕದ ಯಂತ್ರದಲ್ಲಿ ಬಳಕೆಯಾಗಿತ್ತು.

ಮುಂದಿನ ಹತ್ತು ವರ್ಷಗಳಲ್ಲಿ ಜರ್ಮನಿಯ ‘ಮೆಫಿಸ್ಟೊ’ ಮೊದಲಾದ ಮಣೆಗಳು ಬಂದವು. ‘ಮೆಫಿಸ್ಟೊ’ ಮಣೆಗಳಿಗೆ ಆಟದ ಕ್ರಮವನ್ನು ಬರೆದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಲ್ಯಾಂಗ್ ಒಬ್ಬನು. ಅವನು ಬರೆದ ‘ಜೀನಿಯಸ್’ ಎಂಬ ಕ್ರಮವು 1994ರಲ್ಲಿ ಲಂಡನ್ನಿನಲ್ಲಿ ನಡೆದ ಶೀಘ್ರ ಆಟದ ಸ್ಪರ್ಧೆಯಲ್ಲಿ ಗ್ಯಾರಿ ಕ್ಯಾಸ್ಪರೋವ್‌ನನ್ನು ಸೋಲಿಸಿತು. 1997ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಐ.ಬಿ.ಎಂ. ಸಂಸ್ಥೆಯ ‘ಡೀಪ್ ಬ್ಲೂ’ ಎಂಬ ದೊಡ್ಡ ಗಣಕಯಂತ್ರವು ಆರು ಆಟಗಳ ಪಂದ್ಯದಲ್ಲಿ ಅದೇ ಕ್ಯಾಸ್ಪರೋವ್‌ನನ್ನು ಮೂರೂವರೆ ಅಂಕಗಳಿಗೆ ಎರಡೂವರೆ ಅಂಕಗಳಿಂದ ಗೆದ್ದಿತು. ಇಂದು ಮೇಜಿನ ಮೇಲಿಡುವ ಮಣೆಯೂ ಸಾಮಾನ್ಯ ಆಟಗಾರನಿಗೆ ಮೀರಿದ ಎದುರಾಳಿಯಾಗಬಲ್ಲದು.

ಈ ಮಣೆಯು ಕಾಯಿಯ ಚಲನೆಯನ್ನು ಹೇಗೆ ಅರಿಯುತ್ತದೆ? ಇದಕ್ಕೆ ಮುಖ್ಯವಾಗಿ ಮೂರು ವಿಧಾನಗಳುಂಟು. ಮೊದಲನೆಯದು ಒತ್ತಡದ ವಿಧಾನ. ಮಣೆಯ ಮೇಲ್ಪದರದ ಕೆಳಗೆ ಪ್ರತಿಯೊಂದು ಚೌಕದಲ್ಲಿಯೂ ಒಂದು ಒತ್ತುಗುಂಡಿಯಿರುತ್ತದೆ. ಆಡುವವನು ಕಾಯಿಯನ್ನು ಎತ್ತುವ ಮುನ್ನ ಅದು ನಿಂತ ಚೌಕವನ್ನು ಅದರಿಂದಲೇ ಮೆಲ್ಲನೆ ಒತ್ತಬೇಕು. ಇಟ್ಟ ಮೇಲೆ ಹೊಸ ಚೌಕವನ್ನೂ ಹಾಗೆಯೇ ಒತ್ತಬೇಕು. ಇದು ಅಗ್ಗವಾದ ವಿಧಾನ. ಒತ್ತುವುದನ್ನು ಮರೆತರೆ ಮಾತ್ರ ಮಣೆಗೆ ನಡೆಯು ತಿಳಿಯದು.

ಎರಡನೆಯದು ಅಯಸ್ಕಾಂತದ ವಿಧಾನ. ಪ್ರತಿ ಕಾಯಿಯ ಬುಡದಲ್ಲಿ ಒಂದು ಚಿಕ್ಕ ಅಯಸ್ಕಾಂತವಿರುತ್ತದೆ. ಪ್ರತಿ ಚೌಕದ ಕೆಳಗೆ ಸಣ್ಣ ಗಾಜಿನ ನಳಿಗೆಯೊಳಗೆ ಎರಡು ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಅಯಸ್ಕಾಂತವು ಮೇಲೆ ಬಂದಾಗ ಆ ಪಟ್ಟಿಗಳು ಒಂದನ್ನೊಂದು ಮುಟ್ಟಿ ವಿದ್ಯುತ್ತಿಗೆ ದಾರಿಯಾಗುತ್ತದೆ; ಕಾಯಿಯನ್ನು ಎತ್ತಿದಾಗ ಬೇರ್ಪಟ್ಟು ದಾರಿ ಕಡಿಯುತ್ತದೆ. 64 ಚೌಕಗಳಿಗೆ 64 ಬೇರೆ ಬೇರೆ ತಂತಿಗಳನ್ನು ಎಳೆಯಬೇಕಾಗಿಲ್ಲ. ಅಡ್ಡಲಾಗಿ 8, ಉದ್ದಕ್ಕೆ 8, ಹೀಗೆ 16 ತಂತಿಗಳು ಸಾಕು. ಗಣಕವು ಅಡ್ಡ ತಂತಿಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ತನ್ನು ಹರಿಸಿ, ಯಾವ ಯಾವ ಉದ್ದ ತಂತಿಗಳಲ್ಲಿ ಅದು ಕಾಣಿಸಿತೆಂದು ನೋಡುತ್ತದೆ. ಬೀದಿಯ ಹೆಸರೂ ಮನೆಯ ಸಂಖ್ಯೆಯೂ ತಿಳಿದರೆ ಅಂಚೆಯವನಿಗೆ ಮನೆ ಸಿಕ್ಕುವಂತೆ, ಗಣಕಕ್ಕೆ ಚೌಕವು ಸಿಕ್ಕುತ್ತದೆ. ಈ ಸುತ್ತು ಒಂದು ಕ್ಷಣದಲ್ಲಿ ಅನೇಕ ಬಾರಿ ನಡೆಯುತ್ತದೆ.

ಆದರೆ ಅಯಸ್ಕಾಂತವು ಇಲ್ಲೊಂದು ಕಾಯಿಯಿದೆ ಎಂದು ಮಾತ್ರ ಹೇಳುತ್ತದೆ. ಅದು ಕುದುರೆಯೋ ಒಂಟೆಯೋ ಎಂದು ಹೇಳಲಾರದು. ಆದುದರಿಂದ ಆಟದ ಆರಂಭದಲ್ಲಿ ಎಲ್ಲ ಕಾಯಿಗಳೂ ತಮ್ಮ ತಮ್ಮ ಸ್ಥಾನದಲ್ಲಿವೆಯೆಂದು ಗಣಕವು ನಂಬಿ, ಅಲ್ಲಿಂದ ಪ್ರತಿಯೊಂದು ನಡೆಯನ್ನೂ ನೆನಪಿನಲ್ಲಿಟ್ಟುಕೊಂಡು ಬರುತ್ತದೆ. ಆಟದ ನಡುವೆ ಯಾರಾದರೂ ಎರಡು ಕಾಯಿಗಳನ್ನು ಗುಟ್ಟಾಗಿ ಅದಲುಬದಲು ಮಾಡಿದರೆ ಇಂತಹ ಮಣೆಯು ಮೋಸಹೋಗುತ್ತದೆ. ಈ ಕೊರತೆಯನ್ನು ನೀಗುವುದೇ ಮೂರನೆಯ ವಿಧಾನ. ಇದರಲ್ಲಿ ಪ್ರತಿ ಕಾಯಿಯೊಳಗೂ ತಂತಿಯ ಸುರುಳಿಯೊಂದನ್ನು ಅಳವಡಿಸಿರುತ್ತಾರೆ. ಕಾಯಿಯ ಜಾತಿ ಮತ್ತು ಬಣ್ಣಕ್ಕೆ ತಕ್ಕಂತೆ ಅದು ಮಿಡಿಯುವ ಆವರ್ತನವು ಬೇರೆಯಾಗಿರುತ್ತದೆ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದರ ತಂತಿಯೂ ತಾನಾಗಿ ಮಿಡಿಯುವುದುಂಟು. ಹಾಗೆಯೇ ಮಣೆಯು ಹೊರಡಿಸಿದ ಸಂಕೇತಕ್ಕೆ ಆಯಾ ಕಾಯಿಯು ತನ್ನ ಆವರ್ತನದಲ್ಲಿ ಓಗೊಡುತ್ತದೆ. ನೆದರ್‌ಲೆಂಡ್ಸ್ ದೇಶದ ಡಿ.ಜಿ.ಟಿ. ಸಂಸ್ಥೆಯ ಮಣೆಗಳು ಈ ಬಗೆಯವು. ದೊಡ್ಡ ಪಂದ್ಯಗಳ ನಡೆಗಳನ್ನು ದೂರದ ವೀಕ್ಷಕರಿಗೆ ತಲುಪಿಸಲು ಇವು ಹೆಚ್ಚಾಗಿ ಬಳಕೆಯಲ್ಲಿವೆ.

ಇನ್ನು ಕೆಲವು ಮಣೆಗಳು ಉತ್ತರದ ಕಾಯಿಯನ್ನು ತಾವೇ ನಡೆಸುತ್ತವೆ. ಮಣೆಯ ಅಡಿಯಲ್ಲಿ ವಿದ್ಯುದಯಸ್ಕಾಂತವೊಂದು ಎಡಬಲಕ್ಕೂ ಹಿಂದುಮುಂದಕ್ಕೂ ಸರಿದು ಮೇಲಿನ ಕಾಯಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ. 1983ರಲ್ಲಿ ಅಮೆರಿಕದ ಮಿಲ್ಟನ್ ಬ್ರಾಡ್ಲಿ ಸಂಸ್ಥೆಯು ಇಂತಹ ಮಣೆಯನ್ನು ಮಾರಿತು. 2016ರಲ್ಲಿ ಮುಂಬಯಿಯ ತರುಣ ಎಂಜಿನಿಯರುಗಳು ‘ಸ್ಕ್ವೇರ್ ಆಫ್’ ಎಂಬ ಹೆಸರಿನಲ್ಲಿ ಇದೇ ಬಗೆಯ ಮಣೆಯನ್ನು ಜಗತ್ತಿನ ಮುಂದಿಟ್ಟರು.

ನಡೆಯನ್ನು ಅರಿತ ಮೇಲೆ ಉತ್ತರವನ್ನು ಹುಡುಕುವುದು ಗಣಕದ ಕೆಲಸ. ಆಟದ ಮೊದಲ ನಡೆಗೆ ಬಿಳಿಯವನಿಗೆ 20 ದಾರಿಗಳಿವೆ. ಕರಿಯವನ ಉತ್ತರಕ್ಕೂ ಅಷ್ಟೇ ದಾರಿಗಳಿರುವುದರಿಂದ ಇಬ್ಬರೂ ಒಂದೊಂದು ಸಲ ನಡೆಯುವಷ್ಟರಲ್ಲಿ 400 ಕವಲುಗಳಾಗುತ್ತವೆ. ಬಿಳಿಯವನ ಎರಡನೆಯ ನಡೆಗೆ ಅವು 8,902 ಆಗುತ್ತವೆ; ಕರಿಯವನ ಎರಡನೆಯ ನಡೆಗೆ 1,97,281ಕ್ಕೆ ಏರುತ್ತವೆ. ಆಲದ ಮರದ ಕೊಂಬೆಗಳಂತೆ ಹಬ್ಬುವ ಈ ಕವಲುಗಳನ್ನು ಕೊನೆಯವರೆಗೆ ಎಣಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದುದರಿಂದ ಗಣಕವು ಕೆಲವು ನಡೆಗಳ ದೂರದವರೆಗೆ ನೋಡಿ ನಿಲ್ಲುತ್ತದೆ. ಅಲ್ಲಿ ಉಂಟಾಗುವ ಸ್ಥಿತಿಗೆ ಬೆಲೆ ಕಟ್ಟುತ್ತದೆ. ಪದಾತಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಎಂಬುದು ಷ್ಯಾನನ್ನನ ಲೇಖನದಲ್ಲಿಯೂ ಕಾಣುವ ರೂಢಿಯ ಬೆಲೆ. ಕಾಯಿಗಳ ಓಡಾಟದ ಸ್ವಾತಂತ್ರ್ಯ, ರಾಜನ ಸುರಕ್ಷತೆ, ಪದಾತಿಗಳ ಜೋಡಣೆ ಇವೂ ಲೆಕ್ಕಕ್ಕೆ ಸೇರುತ್ತವೆ. ಎದುರಾಳಿಯು ತನಗೆ ಅತ್ಯಂತ ಪ್ರತಿಕೂಲವಾದ ಉತ್ತರವನ್ನೇ ಕೊಡುವನೆಂದು ಭಾವಿಸಿ, ಹಾಗಿದ್ದೂ ತನಗೆ ಹೆಚ್ಚು ಬೆಲೆ ಉಳಿಯುವ ನಡೆಯನ್ನು ಗಣಕವು ಆರಿಸುತ್ತದೆ. ಒಂದು ಕವಲು ಕೆಟ್ಟದ್ದೆಂದು ಸ್ಪಷ್ಟವಾದ ಕೂಡಲೇ ಅದನ್ನು ಮುಂದೆ ನೋಡದೆ ಕತ್ತರಿಸಿಬಿಡುತ್ತದೆ. ಇಂದಿನ ಅನೇಕ ಕ್ರಮಗಳಲ್ಲಿ ಈ ಬೆಲೆ ಕಟ್ಟುವ ಕೆಲಸವನ್ನು ಲಕ್ಷಾಂತರ ಸ್ಥಿತಿಗಳಿಂದ ತರಬೇತಿ ಪಡೆದ ಕೃತಕ ನರಜಾಲಗಳು ಮಾಡುತ್ತವೆ.

ಹೀಗೆ ದಣಿಯದ, ಬೇಸರಿಸದ, ಕರೆದಾಗಲೆಲ್ಲ ಬರುವ ಎದುರಾಳಿ ಮನೆಗೆ ಬಂದಂತಾಯಿತು. ಆದರೆ ಮಣೆಯನ್ನು ಕೊಂಡ ಮಾತ್ರಕ್ಕೆ ಆಟ ಬಂದಂತಾಗದು. ಯಂತ್ರವು ಉತ್ತರವನ್ನು ಕೊಡುತ್ತದೆಯೇ ಹೊರತು ವಿವೇಕವನ್ನು ಕೊಡುವುದಿಲ್ಲ. ಅದರಿಂದ ಲಾಭ ಪಡೆಯುವುದು ಅಭ್ಯಾಸಿಯ ಶಿಸ್ತನ್ನು ಅವಲಂಬಿಸಿದೆ.

ಮೊದಲನೆಯದಾಗಿ, ಮಟ್ಟವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಯಂತ್ರವು ತನ್ನ ಪೂರ್ಣ ಬಲದಿಂದ ಆಡಿದರೆ ಹೊಸಬನು ಪ್ರತಿ ಸಲವೂ ಸೋತು ನಿರಾಶನಾಗುತ್ತಾನೆ. ತೀರ ಕೆಳಗಿನ ಮಟ್ಟದಲ್ಲಿ ಆಡಿದರೆ ಸುಲಭದ ಗೆಲುವಿನಿಂದ ಸೋಮಾರಿಯಾಗುತ್ತಾನೆ. ಹತ್ತು ಆಟಗಳಲ್ಲಿ ಮೂರು ನಾಲ್ಕನ್ನಾದರೂ ಗೆಲ್ಲಬಹುದಾದ ಮಟ್ಟವು ಕಲಿಕೆಗೆ ಒಳ್ಳೆಯದು. ಗೆಲುವು ಅರ್ಧವನ್ನು ಮೀರಿದಾಗ ಒಂದು ಮೆಟ್ಟಿಲು ಮೇಲಕ್ಕೇರಬೇಕು.

ಎರಡನೆಯದು ನಡೆಯನ್ನು ಹಿಂತೆಗೆದುಕೊಳ್ಳುವ ಆಸೆ. ಹೆಚ್ಚಿನ ಮಣೆಗಳಲ್ಲಿ ತಪ್ಪಿದ ನಡೆಯನ್ನು ರದ್ದು ಮಾಡುವ ಗುಂಡಿಯೊಂದಿರುತ್ತದೆ. ಪಂದ್ಯದ ನಿಯಮದಂತೆ ಆಡಬೇಕೆಂದು ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮನೆಯಲ್ಲಿ ಪ್ರತಿ ತಪ್ಪನ್ನೂ ಗುಂಡಿಯೊತ್ತಿ ಅಳಿಸುವವನು ಯೋಚಿಸುವ ಮೊದಲೇ ಕೈ ನೀಡುವ ಚಾಳಿಗೆ ಬೀಳುತ್ತಾನೆ. ಆ ಚಾಳಿಯ ಬೆಲೆಯನ್ನು ಪಂದ್ಯದ ದಿನ ತೆರಬೇಕಾಗುತ್ತದೆ. ತಪ್ಪಾದ ಮೇಲೂ ಆಟವನ್ನು ಮುಂದುವರಿಸಿ, ಸೋಲನ್ನು ಸಾಧ್ಯವಾದಷ್ಟು ದೂರ ತಳ್ಳುವುದು ಒಂದು ದೊಡ್ಡ ಪಾಠ.

ಮೂರನೆಯದಾಗಿ, ಆಟದ ಅಂತ್ಯಭಾಗವನ್ನು ಅಭ್ಯಾಸ ಮಾಡಲು ಇಂತಹ ಮಣೆಗಿಂತ ಒಳ್ಳೆಯ ಸಾಧನವಿಲ್ಲ. ಬೇಕಾದ ಸ್ಥಿತಿಯನ್ನು ಮಣೆಯ ಮೇಲೆ ಜೋಡಿಸಿ ಅಲ್ಲಿಂದಲೇ ಆಟವನ್ನು ಆರಂಭಿಸುವ ಅನುಕೂಲ ಅನೇಕ ಮಣೆಗಳಲ್ಲಿದೆ. ಟೊರೆಸ್ ಕೆವೆಡೊನ ಯಂತ್ರವು ಆಡುತ್ತಿದ್ದ ರಾಜ ಮತ್ತು ಆನೆಯ ಅಂತ್ಯದಿಂದಲೇ ಅಭ್ಯಾಸಿಯು ತೊಡಗಬಹುದು. ಸರಿಯಾಗಿ ಆಡಿದರೆ ಹೆಚ್ಚೆಂದರೆ 16 ನಡೆಗಳಲ್ಲಿ ಶಹಮಾತು ಮಾಡಬಹುದೆಂದು ಲೆಕ್ಕದಿಂದ ಸಿದ್ಧವಾಗಿದೆ. ಮೊದಲ ದಿನ 40 ನಡೆಗಳನ್ನು ತೆಗೆದುಕೊಂಡವನು ದಿನದಿಂದ ದಿನಕ್ಕೆ ಆ ಸಂಖ್ಯೆ ಇಳಿಯುವುದನ್ನು ತಾನೇ ಕಾಣಬಹುದು.

ಮತ್ತೊಂದು ಉದಾಹರಣೆಯನ್ನು ನೋಡಬಹುದು. ಬಿಳಿಯ ರಾಜನು ಡಿ6 ಚೌಕದಲ್ಲಿ, ಬಿಳಿಯ ಪದಾತಿಯು ಇ6ರಲ್ಲಿ, ಕರಿಯ ರಾಜನು ಇ8ರಲ್ಲಿ ಇದ್ದಾರೆಂದು ಭಾವಿಸೋಣ. ನಡೆಯುವ ಸರದಿ ಬಿಳಿಯದಾದರೆ ಪದಾತಿಯು ಇ7ಕ್ಕೆ ಮುಂದುವರಿಯುತ್ತದೆ. ಕರಿಯ ರಾಜನಿಗೆ ಎಫ್7 ಒಂದೇ ದಾರಿ. ಆಗ ಬಿಳಿಯ ರಾಜನು ಡಿ7ಕ್ಕೆ ಬಂದು ನಿಲ್ಲುತ್ತಾನೆ; ಪದಾತಿಯು ಮುಂದಿನ ನಡೆಯಲ್ಲಿ ಮಂತ್ರಿಯಾಗುವುದನ್ನು ತಡೆಯುವವರಿಲ್ಲ. ಸರದಿ ಕರಿಯದಾದರೆ ರಾಜನು ಡಿ8ಕ್ಕೆ ಸರಿಯುತ್ತಾನೆ. ಪದಾತಿಯು ಇ7ಕ್ಕೆ ಬಂದು ಶಹ ಕೊಟ್ಟರೆ ರಾಜನು ಇ8ಕ್ಕೆ ಮರಳುತ್ತಾನೆ. ಪದಾತಿಯನ್ನು ಕಾಯಲು ಬಿಳಿಯ ರಾಜನು ಇ6ಕ್ಕೆ ಬಂದರೆ ಕರಿಯ ರಾಜನಿಗೆ ಶಹವೂ ಇಲ್ಲ, ನಡೆಯಲು ಚೌಕವೂ ಇಲ್ಲ, ಆಟವು ಸಮವಾಗುತ್ತದೆ. ಕಾಯಿಗಳು ಅವೇ, ಸ್ಥಾನಗಳು ಅವೇ. ಸರದಿಯೊಂದು ಬದಲಾದುದರಿಂದ ಫಲವೇ ಬದಲಾಯಿತು. ಇದನ್ನು ಒಮ್ಮೆ ಬಿಳಿಯ ಕಡೆಯಿಂದಲೂ ಒಮ್ಮೆ ಕರಿಯ ಕಡೆಯಿಂದಲೂ ಯಂತ್ರದ ಎದುರು ಆಡಿ ನೋಡಿದವನು ಮರೆಯಲಾರನು.

ನಾಲ್ಕನೆಯದಾಗಿ, ಆಡಿದ ಆಟವನ್ನು ಕೈಯಿಂದ ಬರೆದಿಟ್ಟುಕೊಳ್ಳಬೇಕು. ಆಟ ಮುಗಿದ ಮೇಲೆ ಯಂತ್ರವನ್ನು ಆರಿಸಿ, ಎಲ್ಲಿ ತಪ್ಪಾಯಿತೆಂದು ಮೊದಲು ತಾನೇ ಯೋಚಿಸಿ ಗುರುತು ಹಾಕಬೇಕು. ಅನಂತರವೇ ಯಂತ್ರದ ಅಭಿಪ್ರಾಯವನ್ನು ಕೇಳಬೇಕು. ಲೆಕ್ಕವನ್ನು ಮಾಡದೆ ಪುಸ್ತಕದ ಕೊನೆಯ ಉತ್ತರಗಳನ್ನು ನೋಡುವ ವಿದ್ಯಾರ್ಥಿಗೆ ಲೆಕ್ಕ ಬಾರದು. ಹಾಗೆಯೇ ಯೋಚಿಸದೆ ಯಂತ್ರವನ್ನು ಕೇಳುವವನಿಗೆ ಆಟ ಬಾರದು. ಯಂತ್ರವು ಇದು ಉತ್ತಮ ನಡೆ ಎಂದು ತೋರಿಸುತ್ತದೆ. ಅದು ಏಕೆ ಉತ್ತಮವೆಂಬುದನ್ನು ಹುಡುಕುವ ಶ್ರಮ ಕಲಿಯುವವನದು.

ಯಂತ್ರದ ಮಿತಿಗಳನ್ನೂ ಅರಿತಿರಬೇಕು. ಕೆಳಗಿನ ಮಟ್ಟದಲ್ಲಿ ಅದರ ತಪ್ಪುಗಳು ಮನುಷ್ಯನ ತಪ್ಪುಗಳಂತಿರುವುದಿಲ್ಲ. ಹತ್ತು ಒಳ್ಳೆಯ ನಡೆಗಳನ್ನು ನಡೆದು, ಹನ್ನೊಂದನೆಯದರಲ್ಲಿ ಕಾರಣವಿಲ್ಲದೆ ಮಂತ್ರಿಯನ್ನೇ ಒಪ್ಪಿಸಿಬಿಡುವುದುಂಟು. ಮನುಷ್ಯನು ಆತುರದಿಂದಲೋ ಭಯದಿಂದಲೋ ದುರಾಸೆಯಿಂದಲೋ ತಪ್ಪುತ್ತಾನೆ. ಎದುರಾಳಿಯ ಮುಖದಲ್ಲಿ ಆ ಭಾವಗಳನ್ನು ಗುರುತಿಸುವುದು, ತನ್ನೊಳಗಿನ ಅವೇ ಭಾವಗಳನ್ನು ಹಿಡಿತದಲ್ಲಿಡುವುದು, ಸೋತಾಗ ಕೈ ಕುಲುಕಿ ಏಳುವುದು, ಇವುಗಳನ್ನು ಮಣೆಯು ಕಲಿಸಲಾರದು. ಆದುದರಿಂದ ಮನೆಯಲ್ಲಿ ಯಂತ್ರದೊಡನೆ ಪಳಗಿದವನು ಶಾಲೆಯಲ್ಲಿ, ಸಂಘದಲ್ಲಿ, ಪಂದ್ಯದಲ್ಲಿ ಮನುಷ್ಯರೊಡನೆಯೂ ಆಡಬೇಕು.

ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಯಂತ್ರವು ಮನುಷ್ಯನಿಗಿಂತ ಬಲಶಾಲಿಯಾದ ಮೇಲೆ, ಅದರ ನೆರವನ್ನು ಗುಟ್ಟಾಗಿ ಪಡೆದು ಗೆಲ್ಲುವ ಆಸೆಯೂ ಕೆಲವರಲ್ಲಿ ಹುಟ್ಟಿದೆ. ಆದುದರಿಂದಲೇ ಪಂದ್ಯಗಳಲ್ಲಿ ಆಟಗಾರನು ಗಣಕದ ಸಲಹೆ ಪಡೆಯುವುದನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ನಿಯಮಗಳು ನಿಷೇಧಿಸಿವೆ. ಮನೆಯಲ್ಲಿ ಕುಳಿತು ದೂರದ ಗೆಳೆಯನೊಡನೆ ಆಡುವಾಗ ಮಾತ್ರ ಕಾಯುವವರು ಯಾರೂ ಇರುವುದಿಲ್ಲ; ಅಲ್ಲಿ ಆಟಗಾರನ ಮನಸ್ಸಾಕ್ಷಿಯೇ ಕಾವಲು. ಯಂತ್ರವು ಹೇಳಿಕೊಟ್ಟ ನಡೆಯಿಂದ ಗೆದ್ದವನಿಗೆ ಗೆಲುವಿನ ಸಂತೋಷವಾಗಲಿ ಸೋಲಿನ ಪಾಠವಾಗಲಿ ದಕ್ಕುವುದಿಲ್ಲ.

ಕೆಂಪೆಲೆನ್ನನ ಗೊಂಬೆಯಲ್ಲಿ ಯಂತ್ರದ ವೇಷದೊಳಗೆ ಮನುಷ್ಯನು ಅಡಗಿದ್ದನು. ಇಂದು ಮನುಷ್ಯನ ವೇಷದೊಳಗೆ ಯಂತ್ರವು ಅಡಗುವ ಕಾಲ ಬಂದಿದೆ. ಎರಡೂ ಕಪಟವೇ. ಜೊತೆಗಾರರಿಲ್ಲದ ಬಾಲಕಿಯೊಬ್ಬಳು ಸಂಜೆ ಪಾಠಗಳನ್ನು ಮುಗಿಸಿ ಮಣೆಯ ಮುಂದೆ ಕುಳಿತು, ತಾನೇ ಯೋಚಿಸಿ ಒಂದು ಕಾಯಿಯನ್ನು ನಡೆಸುತ್ತಾಳೆ. ಮಣೆಯ ಅಂಚಿನಲ್ಲಿ ದೀಪವೊಂದು ಮಿನುಗಿ ಉತ್ತರ ಕೊಡುತ್ತದೆ. ಅವಳು ಸೋಲಬಹುದು; ನಾಳೆ ಮತ್ತೆ ಆಡಬಹುದು. ಆ ಸೋಲು ಅವಳದೇ ಆಗಿದ್ದರೆ ಮುಂದೊಂದು ದಿನ ಬರುವ ಗೆಲುವೂ ಅವಳದೇ ಆಗುತ್ತದೆ.